ಸಿಯಾಟಲ್‌ನಲ್ಲಿ ನಮ್ಮ ಮೊದಲ ಕ್ಯಾಬಿನ್ ದೋಣಿ ಕೊಂಡ ಬಗೆ

ಗಂಗೊಳ್ಳಿಯ ಅಳಿವೆಯ ಬಳಿ ಬೆಳೆದ ನನಗೆ ದೋಣಿಯೆಂದರೆ ದುಡಿಮೆಯ ಸಾಧನ. ಬಲೆ, ಮಂಜುಗಡ್ಡೆ, ಡೀಸೆಲ್ಲಿನ ವಾಸನೆ ಇಲ್ಲದ ದೋಣಿಯನ್ನು ಊರು ಬಿಡುವವರೆಗೂ ನಾನು ಕಂಡಿರಲಿಲ್ಲ. ಆದ್ದರಿಂದ ಮಲಗಲು ಹಾಸಿಗೆ, ಅಡುಗೆಗೆ ಒಲೆ ಮತ್ತು ಚಿಕ್ಕದೊಂದು ಶೌಚಾಲಯ ಇರುವ ಕ್ಯಾಬಿನ್ ಕ್ರೂಸರ್ ಒಂದನ್ನು ಕೊಳ್ಳುವ ಯೋಚನೆಯಿದೆಯೆಂದು ಸಿಯಾಟಲ್‌ನಿಂದ ಫೋನು ಮಾಡಿ ಹೇಳಿದಾಗ, "ಮೀನು ಹಿಡಿಯದಿದ್ದರೆ ದೋಣಿ ಎಂತಕ್ಕೆ ಮಗಾ?" ಎಂದು ಅಮ್ಮ ಕೇಳಿದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಅದಕ್ಕೆ ಉತ್ತರ ಈ ಊರಿನ ನೆಲದ ರಚನೆಯಲ್ಲಿಯೇ ಇದೆ. ಸಿಯಾಟಲ್‌ನ ಪೂರ್ವಕ್ಕೆ ಲೇಕ್ ವಾಷಿಂಗ್ಟನ್ ಎಂಬ ಸಿಹಿನೀರಿನ ದೊಡ್ಡ ಸರೋವರವಿದೆ, ಪಶ್ಚಿಮಕ್ಕೆ ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಹಿನ್ನೀರು ಇದೆ, ನಡುವೆ ಲೇಕ್ ಯೂನಿಯನ್ ಮೂಲಕ ಹಾದುಹೋಗುವ ಕಾಲುವೆ ಇವೆರಡನ್ನೂ ಜೋಡಿಸುತ್ತದೆ. ಉತ್ತರಕ್ಕೆ ಹೋದರೆ ಸ್ಯಾನ್ ವಾನ್ ದ್ವೀಪಸಮೂಹ. ಅಲ್ಲಿನ ನಾಲ್ಕು ದ್ವೀಪಗಳಿಗೆ ಸರಕಾರಿ ಫೆರಿಗಳು ಹೋಗುತ್ತವೆಯಾದರೂ, ಸೂಷಿಯಾದಂತಹ ದ್ವೀಪಗಳಿಗೆ ಫೆರಿ ಇಲ್ಲ. ಸ್ವಂತ ದೋಣಿಯಲ್ಲಿ ಹೋಗಿ, ರಾಜ್ಯದ ಉದ್ಯಾನ ಇಲಾಖೆ ನೀರಿನಲ್ಲಿ ತೇಲಿಬಿಟ್ಟಿರುವ ಬೋಯಾಗೆ ಹಗ್ಗ ಕಟ್ಟಿ, ರಾತ್ರಿ ದೋಣಿಯಲ್ಲೇ ಮಲಗಬೇಕು. ಹನ್ನೊಂದು ವರ್ಷ ಆ ದ್ವೀಪಗಳನ್ನು ಫೆರಿಯ ಕಟಕಟೆಯಿಂದಷ್ಟೇ ನೋಡಿದ ಮೇಲೆ, ನಾನೂ ನನ್ನ ಪತ್ನಿಯೂ ದೋಣಿ ಹುಡುಕಲು ಹೊರಟೆವು.

ಹೊಸದನ್ನು ಕೊಳ್ಳುವ ಮಾತು ಬೇಗ ಮುಗಿಯಿತು. ಚಳಿಗಾಲದ ದೋಣಿ ಪ್ರದರ್ಶನದಲ್ಲಿ, ಇದೇ ರಾಜ್ಯದಲ್ಲಿ ತಯಾರಾಗುವ ರೇಂಜರ್ ಟಗ್ಸ್ ದೋಣಿಯೊಳಗೆ ಕುಳಿತು ಬಂದೆವು. ಅದರ ಅಚ್ಚುಕಟ್ಟುತನ ಮನಸ್ಸಿಗೆ ಹಿಡಿಸಿತು; ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಹಾಗಾಗಿ ಇಪ್ಪತ್ತೈದು ಮೂವತ್ತು ವರ್ಷ ಹಳೆಯ, ಇಪ್ಪತ್ತಾರರಿಂದ ಇಪ್ಪತ್ತೆಂಟು ಅಡಿ ಉದ್ದದ ಫೈಬರ್‌ಗ್ಲಾಸ್ ದೋಣಿಗಳನ್ನು ನೋಡತೊಡಗಿದೆವು.

ನಮಗೆ ಮೊದಲು ಇಷ್ಟವಾದದ್ದು ಇಪ್ಪತ್ತೆಂಟು ಅಡಿಯ ಬಿಳಿಯ ದೋಣಿ. ಎಂಟು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಹೊಸ ಮೆತ್ತೆಗಳು, ಹೊಳೆಯುವ ಮರದ ಕಪಾಟುಗಳು, ಇಬ್ಬರು ನಿಂತು ಅಡುಗೆ ಮಾಡಬಹುದಾದ ಜಾಗ. ಮುಂಗಡ ಕೊಟ್ಟೆವು, ಆದರೆ ಸರ್ವೇಯರ್, ಅಂದರೆ ದೋಣಿಗಳನ್ನು ತಪಾಸಣೆ ಮಾಡುವ ಪರಿಣತರು, ಪರೀಕ್ಷಿಸಿ ಒಪ್ಪಿದರಷ್ಟೇ ಕೊಳ್ಳುತ್ತೇವೆಂದು ಒಪ್ಪಂದದಲ್ಲಿ ಬರೆಸಿದೆವು. ಈ ಮಾತನ್ನು ಬರೆಸದೆ ಇಲ್ಲಿ ಯಾರೂ ಹಳೆಯ ದೋಣಿಗೆ ಹಣ ಕೊಡಬಾರದು. ದೋಣಿ ಹಳೆಯದಾದರೆ ವಿಮಾ ಕಂಪನಿಗಳು ಸಹ ಸಾಮಾನ್ಯವಾಗಿ ಸರ್ವೆ ವರದಿಯನ್ನು ಕೇಳುತ್ತವೆ. ಸರ್ವೇಯರನ್ನು ಮಾತ್ರ ನಾವೇ ಆರಿಸಿಕೊಳ್ಳಬೇಕು, ಮಾರುವವರು ಸೂಚಿಸಿದವರನ್ನಲ್ಲ.

ದೋಣಿಯನ್ನು ಎರಡು ಅಗಲವಾದ ಪಟ್ಟಿಗಳಲ್ಲಿ ತೂಗುಹಾಕಿ ನೀರಿನಿಂದ ಎತ್ತಿದರು. ಸರ್ವೇಯರ್ ಪ್ಲಾಸ್ಟಿಕ್ ತಲೆಯ ಪುಟ್ಟ ಸುತ್ತಿಗೆಯನ್ನು ಹಿಡಿದು ತಳವನ್ನೂ ಆಮೇಲೆ ಡೆಕ್ಕನ್ನೂ ಅಂಗುಲ ಅಂಗುಲವಾಗಿ ತಟ್ಟುತ್ತ ಹೋದರು. ನನಗೆ ದೊಡ್ಡಪ್ಪನ ನೆನಪಾಯಿತು. ಮಳೆಗಾಲದಲ್ಲಿ ದಡಕ್ಕೆ ಎಳೆದ ಮರದ ದೋಣಿಯ ಹಲಗೆಗಳನ್ನು ಅವರು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, ಯಾವ ಹಲಗೆ ಬದಲಾಗಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ಗಟ್ಟಿಯಾದ ಕಡೆ 'ಟಣ್' ಎನ್ನುವ ಸದ್ದು, ಕೊಳೆತ ಕಡೆ ಮಂಕಾದ 'ದಬ್'. ಫೈಬರ್‌ಗ್ಲಾಸಿನಲ್ಲಿಯೂ ಇದೇ ನ್ಯಾಯ. ಹೊರಗೆ ಕಾಣುವುದು ಫೈಬರ್ ಆದರೂ ಬಹಳಷ್ಟು ದೋಣಿಗಳ ಡೆಕ್ಕಿನ ಎರಡು ಪದರಗಳ ನಡುವೆ ಬಾಲ್ಸಾ ಮರದ ತಿರುಳಿರುತ್ತದೆ, ಎಂಜಿನ್ ಕೂರುವ ಉದ್ದ ತೊಲೆಗಳ ಒಳಗೆ ಮರವಿರುತ್ತದೆ, ಹಿಂಗೋಡೆಯಲ್ಲಿ ಪ್ಲೈವುಡ್ ಇರುತ್ತದೆ. ಯಾರೋ ಯಾವತ್ತೋ ಸ್ಕ್ರೂ ಹಾಕಿ ಸರಿಯಾಗಿ ಮುಚ್ಚದೆ ಬಿಟ್ಟ ಒಂದು ತೂತಿನಿಂದ ವರ್ಷಗಟ್ಟಲೆ ನೀರು ಇಳಿದು ಆ ಮರ ಕೊಳೆಯುತ್ತದೆ, ಮೇಲಿನ ಹೊಳಪು ಹಾಗೆಯೇ ಇರುತ್ತದೆ.

ನಮ್ಮ ಬಿಳಿಯ ದೋಣಿ ಮುಂಭಾಗದ ಕಿಟಕಿಯಿಂದ ಲಂಗರಿನವರೆಗೆ ಮಂಕಾಗಿ ಸದ್ದು ಮಾಡಿತು. ತೇವಾಂಶದ ಮೀಟರಿನ ಮುಳ್ಳು ಹಿಂಗೋಡೆಯಲ್ಲಿ ತುದಿಗೆ ಹೋಗಿ ನಿಂತಿತು. ಎಂಜಿನ್ ಶಕ್ತಿಯನ್ನು ಪ್ರೊಪೆಲ್ಲರಿಗೆ ಸಾಗಿಸುವ ಭಾಗವು ಹಿಂಗೋಡೆಯನ್ನು ದಾಟುವ ಕಡೆ ರಬ್ಬರಿನ ಸುರುಳಿಚೀಲವೊಂದಿರುತ್ತದೆ. ಇಲ್ಲಿಯವರು ಅದನ್ನು ಬೆಲ್ಲೋಸ್ ಎನ್ನುತ್ತಾರೆ. ಅದು ನೀರಿನ ಮಟ್ಟಕ್ಕಿಂತ ಕೆಳಗಿರುವುದರಿಂದ, ಹರಿದರೆ ಕಟ್ಟಿದ ಜಾಗದಲ್ಲಿಯೇ ದೋಣಿ ಮುಳುಗಬಹುದು. ನಮ್ಮದು ಬಿರುಕು ಬಿಟ್ಟಿತ್ತು. ಉಪ್ಪುನೀರು ಹರಿದು ಎಂಜಿನ್ನಿನ ಹೊಗೆಕೊಳವೆಯ ಒಳಮೈ ತುಕ್ಕು ಹಿಡಿದಿತ್ತು. ರಿಪೇರಿಯ ಅಂದಾಜು ದೋಣಿಯ ಬೆಲೆಯ ಅರ್ಧವನ್ನು ದಾಟಿತು. ಮೆತ್ತೆಗಳ ಬಣ್ಣವನ್ನು ಆಗಲೇ ಮೆಚ್ಚಿಕೊಂಡಿದ್ದ ನನ್ನ ಪತ್ನಿಗೆ ಅಂದು ಬಹಳ ಬೇಸರವಾಯಿತು, ನನಗೂ ಆಯಿತು. ಸರ್ವೆಗೆ ಕೊಟ್ಟ ಎಂಟುನೂರು ಡಾಲರ್ ನಷ್ಟವೆಂದು ಮಾತ್ರ ನಮಗೆ ಅನಿಸಲಿಲ್ಲ.

ಆ ನಂತರ ನಾವು ಹುಡುಕುವ ಕ್ರಮವೇ ಬದಲಾಯಿತು. ವೇಗದ ಆಸೆಯನ್ನು ಬಿಟ್ಟೆವು. ಪ್ಯೂಜೆಟ್ ಸೌಂಡಿನಲ್ಲಿ ಮರದ ದಿಮ್ಮಿಗಳು ತೇಲುತ್ತಿರುತ್ತವೆ. ಕೆಲವು ನೆಟ್ಟಗೆ ನಿಂತು ತುದಿ ಮಾತ್ರ ಕಾಣುವಂತಿರುತ್ತವೆ. ಇಪ್ಪತ್ತು ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ವೇಗದಲ್ಲಿ ಅಂಥದ್ದಕ್ಕೆ ಬಡಿದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ. ನೀರನ್ನು ಸೀಳಿಕೊಂಡು ನಿಧಾನವಾಗಿ ಸಾಗುವ ದೋಣಿಗೆ ಅದರ ಉದ್ದವೇ ವೇಗದ ಮಿತಿ: ನೀರಿಗೆ ತಾಗುವ ಉದ್ದ 25 ಅಡಿಯಿದ್ದರೆ, ಅದರ ವರ್ಗಮೂಲ 5ನ್ನು 1.34ರಿಂದ ಗುಣಿಸಿ ಬರುವ 6.7 ನಾಟ್ ಸುಮಾರಾಗಿ ಅದರ ಓಟ. ಅದಕ್ಕಿಂತ ಹೆಚ್ಚು ವೇಗ ಬೇಕಾದರೆ ದೋಣಿ ತನ್ನದೇ ಅಲೆಯನ್ನು ಹತ್ತಬೇಕಾಗುತ್ತದೆ, ಇಂಧನ ಬೇಗ ಖಾಲಿಯಾಗುತ್ತದೆ. ನಿಧಾನದ ದೋಣಿಗೆ ಅದರದೇ ಕಟ್ಟುಪಾಡೂ ಇದೆ. ಉತ್ತರದ ಡಿಸೆಪ್ಷನ್ ಪಾಸ್ ಎಂಬ ಇಕ್ಕಟ್ಟಿನಲ್ಲಿ ಉಬ್ಬರವಿಳಿತದ ಸೆಳೆತ ಎಂಟು ನಾಟ್‌ವರೆಗೆ ಏರುವುದರಿಂದ, ನೀರು ನಿಲ್ಲುವ ಹೊತ್ತಿಗಾಗಿ ಪಟ್ಟಿ ನೋಡಿ ಕಾಯಬೇಕು. ಅಳಿವೆಯ ದೋಣಿಗಳು ಭರತಕ್ಕೆ ಕಾಯುವುದನ್ನು ನೋಡಿ ಬೆಳೆದವನಿಗೆ ಇದು ಕಷ್ಟವೆನಿಸಲಿಲ್ಲ.

ಪೆಟ್ರೋಲಿನ ಬದಲು ಡೀಸೆಲ್ ಎಂಜಿನ್ನೇ ಬೇಕೆಂದು ನಾನು ಹಟ ಹಿಡಿದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ದೋಣಿಯ ತಳದಲ್ಲಿ ಶೇಖರವಾಗಿ ಒಂದು ಕಿಡಿಗೆ ಸ್ಫೋಟಿಸಬಲ್ಲದು. ಒಳಗೆ ಕೂರಿಸಿದ ಪೆಟ್ರೋಲ್ ಎಂಜಿನ್ ಇದ್ದರೆ, ಶುರು ಮಾಡುವ ಮೊದಲು ಆವಿಯನ್ನು ಹೊರಹಾಕುವ ಫ್ಯಾನನ್ನು, ಅಂದರೆ ಬ್ಲೋವರನ್ನು, ನಾಲ್ಕು ನಿಮಿಷ ಓಡಿಸಬೇಕೆಂಬ ಎಚ್ಚರಿಕೆಯನ್ನು ದೋಣಿಯಲ್ಲೇ ಅಂಟಿಸಿರುವುದು ಇದೇ ಕಾರಣಕ್ಕೆ. ಒಲೆಯೂ ಮಕ್ಕಳೂ ಇರುವ ದೋಣಿಯಲ್ಲಿ ನನಗೆ ಅಂಥ ಚಿಂತೆ ಬೇಡವಾಗಿತ್ತು. ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲದ ಅಲಾರಂ ಮಾತ್ರ ಎಂಜಿನ್ ಯಾವುದಿದ್ದರೂ ಮಲಗುವ ಜಾಗದಲ್ಲಿ ಇರಲೇಬೇಕು.

ಕೊನೆಗೆ ಸಿಕ್ಕಿದ್ದು 1990ರ ದಶಕದ ಇಪ್ಪತ್ತಾರು ಅಡಿಯ ದೋಣಿ. ಒಳಗಿನ ಬಟ್ಟೆಗಳು ಮಾಸಿದ್ದವು, ಒಲೆ ಹಳೆಯದು. ಆದರೆ ಮಾಲೀಕರಾದ ವೃದ್ಧರು ನಮ್ಮ ಮುಂದೆ ಮೂರು ನೋಟ್‌ಪುಸ್ತಕಗಳನ್ನು ಇಟ್ಟರು. ಎಣ್ಣೆ ಬದಲಿಸಿದ ಪ್ರತಿ ದಿನಾಂಕ, ಆಗಿನ ಎಂಜಿನ್ ಗಂಟೆಗಳು, ತಳಕ್ಕೆ ಬಣ್ಣ ಬಳಿದ ವರ್ಷ, ಪ್ರೊಪೆಲ್ಲರ್ ಸವೆಯದಂತೆ ತಾನೇ ಸವೆಯುವ ಆನೋಡ್ ತುಂಡುಗಳನ್ನು ಬದಲಿಸಿದ್ದು, ಎಲ್ಲವೂ ಒಂದೇ ಕೈಬರಹದಲ್ಲಿದ್ದವು. ನಾನು ಮೊದಲು ಓದಿದ್ದು ಅವನ್ನು, ದೋಣಿಯನ್ನು ನೋಡಿದ್ದು ಆಮೇಲೆ.

ಪರೀಕ್ಷೆಯ ದಿನ ಎಂಜಿನ್ ಮೇಲೆ ಕೈಯಿಟ್ಟು ನೋಡಿದೆ, ತಣ್ಣಗಿತ್ತು. ಇದು ಮುಖ್ಯ, ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ತಣ್ಣಗಿರುವಾಗ ಬರುವ ಹೊಗೆ ನಮಗೆ ಕಾಣುವುದಿಲ್ಲ. ನೀಲಿ ಹೊಗೆ ಎಣ್ಣೆ ಸುಡುತ್ತಿರುವುದರ ಗುರುತು, ಬಿಡದೆ ಬರುವ ಕಪ್ಪು ಹೊಗೆ ಎಂಜಿನ್ನಿಗೆ ಹೊರೆ ಹೆಚ್ಚಾಗಿದೆಯೆಂದು ಹೇಳುತ್ತದೆ. ಇದರಲ್ಲಿ ತುಸು ಬಿಳಿ ಹೊಗೆ ಬಂದು ಎರಡು ನಿಮಿಷದಲ್ಲಿ ಕಳೆಯಿತು. ನೀರಿನಲ್ಲಿ ಪೂರ್ತಿ ವೇಗಕ್ಕೆ ಒಯ್ದಾಗ ತಯಾರಕರು ಹೇಳಿದಷ್ಟು ಸುತ್ತುಗಳನ್ನು ಎಂಜಿನ್ ಮುಟ್ಟಿತು. ಸುತ್ತಿಗೆ ಒಂದೇ ಕಡೆ ಮಂಕಾಗಿ ಕೇಳಿಸಿತು, ಹಿಂಭಾಗದ ಕಂಬಿಯ ಬುಡದಲ್ಲಿ, ಅಂಗೈಯಷ್ಟು ಜಾಗ. ಅದಕ್ಕೂ ನೀರಿನ ಎರಡು ಹಳೆಯ ಕವಾಟಗಳಿಗೂ ತಗಲುವ ಖರ್ಚನ್ನು ಬೆಲೆಯಲ್ಲಿ ಕಳೆದುಕೊಡಲು ಅವರು ತಕರಾರಿಲ್ಲದೆ ಒಪ್ಪಿದರು.

ಬೆಲೆಯ ಮೇಲೆ ಮಾರಾಟ ತೆರಿಗೆಯ ದರದಲ್ಲೇ ಬಳಕೆ ತೆರಿಗೆ ಇದೆ. 16 ಅಡಿ ಅಥವಾ ಅದಕ್ಕಿಂತ ಉದ್ದದ ದೋಣಿಗೆ ಪ್ರತಿ ವರ್ಷ ಅದರ ಮೌಲ್ಯದ ಶೇಕಡಾ 0.5ರಷ್ಟು ತೆರಿಗೆ ಬೇರೆ. ಕಟ್ಟುವ ಜಾಗದ ಬಾಡಿಗೆಯನ್ನು ಅಡಿಯ ಲೆಕ್ಕದಲ್ಲಿ ತಿಂಗಳಿಗೆ ಕೊಡಬೇಕು. ದೋಣಿ ಕೊಳ್ಳುವ ಮೊದಲೇ ಆ ಜಾಗವನ್ನು ಗೊತ್ತು ಮಾಡಿಕೊಳ್ಳಬೇಕು. ದೋಣಿ ನಡೆಸುವವರ ಶಿಕ್ಷಣ ಕಾರ್ಡನ್ನು ನಾವಿಬ್ಬರೂ ಪರೀಕ್ಷೆ ಬರೆದು ಪಡೆದೆವು.

ನಮಗೆ ಜಾಗ ಸಿಕ್ಕಿದ್ದು ಲೇಕ್ ಯೂನಿಯನ್ನಿನ ಸಿಹಿನೀರಿನಲ್ಲಿ. ಹಾಗಾಗಿ ಮೊದಲ ದಿನವೇ ಬ್ಯಾಲಾರ್ಡ್ ಲಾಕ್ಸ್ ದಾಟಬೇಕಾಯಿತು. 1917ರಲ್ಲಿ ಅಧಿಕೃತವಾಗಿ ಉದ್ಘಾಟನೆಯಾದ ಈ ಜಲದ್ವಾರಗಳು ಸಮುದ್ರದಿಂದ ಬಂದ ದೋಣಿಯನ್ನು ಸರೋವರದ ಮಟ್ಟಕ್ಕೆ ಎತ್ತುತ್ತವೆ; ಎರಡರ ನಡುವಿನ ಅಂತರ ಉಬ್ಬರವಿಳಿತಕ್ಕೆ ತಕ್ಕಂತೆ ಬದಲಾಗುತ್ತದೆ, ಇಳಿತದಲ್ಲಿ ಇಪ್ಪತ್ತು ಅಡಿಯನ್ನೂ ಮೀರುತ್ತದೆ. ಚಿಕ್ಕ ದ್ವಾರದೊಳಗೆ ತೇಲುವ ಗೋಡೆಗೆ ಹಗ್ಗ ಕಟ್ಟಿ ನಿಂತೆವು. ಹಿಂದಿನ ಬಾಗಿಲು ಮುಚ್ಚಿತು, ನೀರು ಸದ್ದಿಲ್ಲದೆ ಏರಿತು, ಗೋಡೆಯೂ ನಮ್ಮೊಂದಿಗೆ ಏರಿತು. ಮುಂದಿನ ಬಾಗಿಲು ತೆರೆದಾಗ ಚುಕ್ಕಾಣಿ ಹಿಡಿದಿದ್ದವಳು ನನ್ನ ಪತ್ನಿ.

ಸಂಜೆ ಅಮ್ಮನಿಗೆ ಫೋಟೊ ಕಳುಹಿಸಿದೆ. ಅವರು ಬಹಳ ಹೊತ್ತು ನೋಡಿರಬೇಕು. ಆಮೇಲೆ ಫೋನು ಮಾಡಿ, ತಳಕ್ಕೆ ಎಣ್ಣೆ ಕೊಟ್ಟಾಯಿತೇ ಎಂದು ಕೇಳಿದರು. ಇದು ಮರದ್ದಲ್ಲ, ಬಣ್ಣ ಬಳಿಯಬೇಕು, ಏಪ್ರಿಲ್ಲಿನಲ್ಲಿ ದೋಣಿಯನ್ನು ಮೇಲೆತ್ತಿ ನಾವೇ ಬಳಿಯುತ್ತೇವೆ ಎಂದೆ.