ಅಮೆರಿಕದ ತಮ್ಮನ ದುಡ್ಡು, ದಾವಣಗೆರೆಯ ಬಾಡಿಗೆ ಮನೆ: ಕ್ರಯ ಯಾರ ಹೆಸರಿಗೆ?

"ಅಮೆರಿಕದಲ್ಲಿರೋ ತಮ್ಮ ದುಡ್ಡು ಹಾಕ್ತೀನಿ ಅಂತಾನೆ. ವಿದ್ಯಾನಗರದ ಕಡೆ ಒಂದು ಮನೆ ಕೊಂಡು ಬಾಡಿಗೆಗೆ ಬಿಡೋಣ ಅಂತಿದೀವಿ. ಅವನು ಹೆಂಗೂ ಇಲ್ಲಿರಲ್ಲ, ಕ್ರಯ ನನ್ನ ಹೆಸರಿಗೇ ಆಗ್ಲಿ ಅಂತಾನೆ. ನಡೆಯುತ್ತಾ?" ಈ ಪ್ರಶ್ನೆ ಪದೇ ಪದೇ ಬರುತ್ತದೆ. ತಮ್ಮನ ಬದಲು ಒಮ್ಮೊಮ್ಮೆ ಗೆಳೆಯ, ಒಮ್ಮೊಮ್ಮೆ ಅಲ್ಲಿಯವನೇ ಆದ ಸಹೋದ್ಯೋಗಿ ಇರುತ್ತಾನೆ.

ಪಾಲು ಸೇರಿ ಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಆದರೆ ದುಡ್ಡು ಹಾಕಿದವನ ಹೆಸರು ಕ್ರಯಪತ್ರದಲ್ಲಿ ಇರಲೇಬೇಕು. ಒಬ್ಬರ ಹಣ, ಇನ್ನೊಬ್ಬರ ಹೆಸರು ಎಂದಾದರೆ ಅದು ಬೇನಾಮಿ ಕಾನೂನಿನ ಕೆಳಗೆ ಬರುತ್ತದೆ. 2016ರ ತಿದ್ದುಪಡಿಯ ನಂತರ ಶಿಕ್ಷೆ 1ರಿಂದ 7 ವರ್ಷ ಜೈಲು, ಜೊತೆಗೆ ಆಸ್ತಿಯ ಮಾರುಕಟ್ಟೆ ಬೆಲೆಯ ಶೇ. 25ರವರೆಗೆ ದಂಡ, ಆಸ್ತಿಯೂ ಜಪ್ತಿ. ಅಣ್ಣತಮ್ಮಂದಿರಿಗೆ ವಿನಾಯಿತಿ ಇದೆ ಎಂದು ಕೇಳಿರುತ್ತೀರಿ. ಅದು ಇಬ್ಬರ ಹೆಸರೂ ಪತ್ರದಲ್ಲಿದ್ದಾಗ ಮಾತ್ರ. ತಮ್ಮ ನಿಜವಾಗಿಯೂ ಹಣವನ್ನು ಕೊಟ್ಟೇಬಿಡುತ್ತಾನೆ ಎಂದಾದರೆ ದಾನಪತ್ರ ಬರೆಸಿಕೊಳ್ಳಿ. ಆಗ ಮನೆ ನಿಮ್ಮದೇ, ಬಾಡಿಗೆಯಲ್ಲಿ ಅವನಿಗೆ ಪಾಲಿಲ್ಲ. ಗೆಳೆಯ ಹೀಗೆ ಕೊಟ್ಟರೆ, ವರ್ಷಕ್ಕೆ 50,000 ರೂಪಾಯಿ ದಾಟಿದರೆ ಇಡೀ ಮೊತ್ತ ನಿಮ್ಮ ಆದಾಯವಾಗಿ ತೆರಿಗೆಗೆ ಬರುತ್ತದೆ.

ಎರಡನೆಯದಾಗಿ, ದುಡ್ಡು ಹಾಕುವವನ ಪಾಸ್‌ಪೋರ್ಟ್ ಯಾವುದೆಂದು ಕೇಳಿ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಯೂ, ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಇರುವವನೂ ಮನೆ, ಅಂಗಡಿ ಕೊಳ್ಳಬಹುದು. ಹೊಲ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಶಾಮನೂರಿನ ಆಚೆ ಅಡಿಕೆ ತೋಟ ಅಗ್ಗಕ್ಕೆ ಸಿಗುತ್ತೆ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಬಿಡಿ. ಭಾರತೀಯ ಮೂಲವಿಲ್ಲದ, ವಿದೇಶದಲ್ಲೇ ವಾಸಿಸುವ ಸಹೋದ್ಯೋಗಿ ನಿಮ್ಮ ಜೊತೆ ಜಂಟಿಯಾಗಿ ಇಲ್ಲಿ ಮನೆ ಕೊಳ್ಳಲಾಗದು. ಅವನಿಗಿರುವುದು ಕಂಪನಿ ಮಾಡಿ ಷೇರು ಹಾಕುವ ದಾರಿ. ಲೆಕ್ಕಪರಿಶೋಧನೆ, ಮೌಲ್ಯಮಾಪನ, ರಿಸರ್ವ್ ಬ್ಯಾಂಕಿಗೆ ವರದಿ ಎಲ್ಲ ಸೇರಿ ಒಂದೆರಡು ಮನೆಗೆ ಅದು ಹೊರಲಾರದ ಹೊರೆ.

ತಮ್ಮನ ಪಾಲಿನ ಹಣ ಅವನ ಎನ್‌ಆರ್‌ಇ (ಅನಿವಾಸಿಯ ವಿದೇಶಿ ಗಳಿಕೆಯ ಖಾತೆ) ಅಥವಾ ಎನ್‌ಆರ್‌ಒ (ಅನಿವಾಸಿಯ ಭಾರತದ ಆದಾಯದ ಖಾತೆ) ಖಾತೆಯಿಂದ, ಇಲ್ಲವೇ ಬ್ಯಾಂಕಿನ ಮೂಲಕ ನೇರವಾಗಿ ಬಂದಿರಬೇಕು. ಮೊದಲು ನಿಮ್ಮ ಖಾತೆಗೆ ಹಾಕಿಸಿಕೊಂಡು ಆಮೇಲೆ ಮಾರುವವರಿಗೆ ಕೊಡುವುದು ಬೇಡ. ಮುಂದೆ ಮಾರಿದ ಹಣವನ್ನು ಅವನು ಅಲ್ಲಿಗೆ ಒಯ್ಯುವಾಗ ಬ್ಯಾಂಕಿನವರು ಕೇಳುವುದು ಇದೇ ದಾಖಲೆ. ಬೆಲೆ 50 ಲಕ್ಷ ಅಥವಾ ಮೇಲಿದ್ದು ಮಾರುವವರು ಇಲ್ಲಿಯೇ ನೆಲೆಸಿದವರಾದರೆ ಶೇ. 1 ಟಿಡಿಎಸ್ (ಕೊಡುವ ಹಣದಲ್ಲೇ ಕಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕು. ಇಬ್ಬರೂ ತಂತಮ್ಮ ಪಾಲಿಗೆ ಬೇರೆ ಬೇರೆಯಾಗಿ ಕಟ್ಟಬೇಕು. ಒಬ್ಬರ ಪ್ಯಾನ್‌ನಲ್ಲೇ ಎಲ್ಲ ಕಟ್ಟಿಬಿಡುವುದು ಬಹಳ ಸಾಮಾನ್ಯವಾದ ತಪ್ಪು.

60 ಲಕ್ಷದ ಮನೆಗೆ ಮುದ್ರಾಂಕ ಶುಲ್ಕ, ಸೆಸ್, ನೋಂದಣಿ ಶುಲ್ಕ ಸೇರಿ ನಾಲ್ಕೂವರೆ ಲಕ್ಷದ ಆಸುಪಾಸು ತೆಗೆದಿಡಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು 2 ಆಗಿದೆ. ಹಳೇ ಲೆಕ್ಕ ಹಿಡಿದುಕೊಂಡು ಹೋದರೆ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ದುಡ್ಡು ಸಾಲದೆ ನಿಲ್ಲಬೇಕಾಗುತ್ತದೆ. ಮುಂಗಡ ಕೊಡುವ ಮೊದಲೇ ಇ-ಖಾತಾ, ಇಸಿ (ಋಣಭಾರ ಪ್ರಮಾಣಪತ್ರ), ಭೂಪರಿವರ್ತನೆ ಆದೇಶ, ದೂಡಾ (ಇಲ್ಲಿಯ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿಸಿದ ಬಡಾವಣೆ ನಕ್ಷೆ ನೋಡಿ. ತಮ್ಮ ಬರಲಾಗದಿದ್ದರೆ ಅಧಿಕಾರ ಪತ್ರವನ್ನು ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸಲಿ. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಲಕೋಟೆ ಬೀರುವಿನಲ್ಲೇ ಉಳಿದು ಅವಧಿ ಮೀರುವುದುಂಟು.

ಹೆಚ್ಚು ಜನ ಎಡವುವುದು ಬಾಡಿಗೆಯಲ್ಲಿ. ಕೆಳಗೊಂದು, ಮೇಲೊಂದು ಮನೆ, ತಲಾ 12,000 ರೂಪಾಯಿ ಎಂದುಕೊಳ್ಳಿ. ಪಾಲು ಅರ್ಧ-ಅರ್ಧವಾದರೆ ತಮ್ಮನಿಗೆ ತಿಂಗಳಿಗೆ 12,000. ಅನಿವಾಸಿಗೆ ಬಾಡಿಗೆ ಕೊಡುವವರು ಶೇ. 31.2ರಂತೆ ಟಿಡಿಎಸ್ ಹಿಡಿಯಬೇಕು, ಅಂದರೆ 3,744 ರೂಪಾಯಿ. ಇಲ್ಲಿಯ ಮಾಲೀಕರ ವಿಷಯದಲ್ಲಿ ಇರುವ ಹಾಗೆ ಇದಕ್ಕೆ ಕನಿಷ್ಠ ಮಿತಿಯಿಲ್ಲ. ಹಿಡಿಯಬೇಕಾದವರು ಬಾಡಿಗೆದಾರರು. ಅವರು ಟ್ಯಾನ್ (ಟಿಡಿಎಸ್ ಹಿಡಿಯುವವರು ಪಡೆಯಬೇಕಾದ ಸಂಖ್ಯೆ) ತೆಗೆದುಕೊಂಡು, ಮುಂದಿನ ತಿಂಗಳ 7ರೊಳಗೆ ಕಟ್ಟಿ, ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಬೇಕು. ಬಾಡಿಗೆಗೆ ಬರುವ ಮೆಡಿಕಲ್ ಓದುವ ಹುಡುಗರಿಗೆ ಇದೆಲ್ಲ ಎಲ್ಲಿಂದ ಗೊತ್ತಿರಬೇಕು? ಗೊತ್ತಿಲ್ಲದೆ ಬಿಟ್ಟರೂ ನೋಟಿಸು ಬರುವುದು ಅವರಿಗೇ. ಅವರಿಗೆ ತಿಳಿಸದೆ ಕರಾರು ಮಾಡಿಸುವುದು ಅನ್ಯಾಯ.

ಇದಕ್ಕೆ ದಾರಿಯಿದೆ. ತಮ್ಮನಿಗೆ ಭಾರತದಲ್ಲಿ ಬೇರೆ ಆದಾಯವಿಲ್ಲದಿದ್ದರೆ ವರ್ಷಕ್ಕೆ 1,44,000 ಬಾಡಿಗೆಗೆ ತೆರಿಗೆಯೇ ಬರುವುದಿಲ್ಲ. ಹಾಗಾಗಿ ಆದಾಯ ತೆರಿಗೆ ಇಲಾಖೆಗೆ ಅರ್ಜಿ ಹಾಕಿ ಟಿಡಿಎಸ್ ಕಡಿತವಿಲ್ಲ ಅಥವಾ ಕಡಿಮೆ ದರ ಎಂಬ ಪ್ರಮಾಣಪತ್ರ ತರಿಸಿ, ಒಂದು ಪ್ರತಿಯನ್ನು ಬಾಡಿಗೆದಾರರಿಗೆ ಕೊಡಿ. ಅದು ಆ ಆರ್ಥಿಕ ವರ್ಷಕ್ಕಷ್ಟೇ, ಪ್ರತಿವರ್ಷ ತರಬೇಕು. ಈಗಾಗಲೇ ಹಿಡಿದಿದ್ದರೆ ರಿಟರ್ನ್ ಸಲ್ಲಿಸಿ ವಾಪಸು ಪಡೆಯಬಹುದು. ತಮ್ಮನ ಪಾಲಿನ ಬಾಡಿಗೆ ಅವನ ಎನ್‌ಆರ್‌ಒ ಖಾತೆಗೇ ಬೀಳಲಿ.

ಕ್ರಯಪತ್ರದಲ್ಲಿ ಪಾಲು ಎಷ್ಟೆಷ್ಟು ಎಂದು ಬರೆಸಿ. ಬರೆಯದಿದ್ದರೆ ಯಾರು ಎಷ್ಟು ಹಾಕಿದರೆಂಬ ಸಾಕ್ಷಿಯ ಮೇಲೆ ನಿರ್ಧಾರ, ಸಾಕ್ಷಿ ಇಲ್ಲದಿದ್ದರೆ ಸಮಪಾಲು. ಮೂರನೇ ಒಂದು ಭಾಗ ಹಾಕಿದವರು ಅರ್ಧ ಕೇಳುವಂತಾಗುತ್ತದೆ. ಇದರ ಜೊತೆಗೆ ಒಂದು ಪ್ರತ್ಯೇಕ ಕರಾರು ಇರಲಿ. ಬೋರ್‌ವೆಲ್ ಮೋಟಾರ್ ಸುಟ್ಟರೆ, ಸೂರು ಸೋರಿದರೆ ಖರ್ಚು ಯಾರದು, ಎಷ್ಟು ಮೊತ್ತದವರೆಗೆ ಕೇಳದೆ ಮಾಡಿಸಬಹುದು, ಬಾಡಿಗೆದಾರರ ಅಡ್ವಾನ್ಸ್ ಯಾರ ಹತ್ತಿರ ಇರಬೇಕು ಎಂಬುದು ಅದರಲ್ಲಿರಲಿ. ಒಬ್ಬರು ಮಾರಬೇಕೆಂದಾಗ ಮೊದಲು ಇನ್ನೊಬ್ಬರಿಗೇ ಕೊಡಬೇಕು, ಬೆಲೆಯನ್ನು ಇಬ್ಬರೂ ಒಪ್ಪಿದ ಮೌಲ್ಯಮಾಪಕರಿಂದ ಕಟ್ಟಿಸಬೇಕು, 90 ದಿನದೊಳಗೆ ಹಣ ಕೊಡಲಾಗದಿದ್ದರೆ ಹೊರಗಿನವರಿಗೆ ಮಾರಬಹುದು ಎಂಬ ಸಾಲುಗಳನ್ನೂ ಸೇರಿಸಿ.