ನಾಸಿಕ್ ವೈನರಿಯಲ್ಲಿ ಒಂದು ರಾತ್ರಿ: ಹೋಗುವವರು ಸ್ವೆಟರ್ ಮರೆಯಬೇಡಿ

ಬೆಳಗಿನ ಜಾವ ನಾಲ್ಕಕ್ಕೆ ನನ್ನ ಕಿಟಕಿ ಕೆಳಗೆ ಟ್ರ್ಯಾಕ್ಟರ್ ಬಂದು ನಿಂತಿತು. ಕ್ರೇಟು ಇಳಿಸುವ ಸದ್ದು, ಮರಾಠಿಯಲ್ಲಿ ಕೂಗಾಟ. ಪಕ್ಕದ ರೂಮಿನಿಂದ ಅಣ್ಣ ಫೋನ್ ಮಾಡಿ, "ಏನೋ ಇದು ಗಲಾಟೆ?" ಅಂದ. ಅತ್ತಿಗೆ ಅಷ್ಟರಲ್ಲಾಗಲೇ ಶಾಲು ಹೊದ್ದು ಕೆಳಗಿಳಿದಿದ್ದರು.

ನಾವು ಇಳಿದುಕೊಂಡದ್ದು ನಾಸಿಕ್‌ನ ಗಂಗಾಪುರ ಅಣೆಕಟ್ಟಿನ ಕಡೆ, ವೈನ್ ತಯಾರಿಸುವ ಒಂದು ಸಣ್ಣ ವೈನರಿಯ ಗೆಸ್ಟ್ ಹೌಸಿನಲ್ಲಿ. ಫೆಬ್ರವರಿ ಮೊದಲ ವಾರ. ಫೋಟೋ ನೋಡಿ ರೆಸಾರ್ಟ್ ಅಂದುಕೊಂಡಿದ್ದೆವು. ಆದರೆ ಅದು ಕೆಲಸ ನಡೆಯುವ ಜಾಗ. ಅಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ. ಬಿಸಿಲೇರಿ ಹಣ್ಣು ಕಾದರೆ ಪರಿಮಳ ಹೋಗುತ್ತದೆ, ಬೇಡದ ಹುಳಿತ ಶುರುವಾಗುತ್ತದೆ. ಅದಕ್ಕೇ ಕತ್ತಲಲ್ಲೇ ಕೊಯ್ದು ತರುತ್ತಾರೆ. ನಿದ್ದೆ ಮುಖ್ಯ ಅನ್ನುವವರು ಬುಕ್ ಮಾಡುವಾಗಲೇ ಹಣ್ಣು ಇಳಿಸುವ ಅಂಗಳದ ಕಡೆಯ ರೂಮ್ ಬೇಡ ಅಂತ ಹೇಳಿಬಿಡಿ. ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಮಳೆಗಾಲದಲ್ಲಿ ಸುತ್ತಲಿನ ಗುಡ್ಡವೆಲ್ಲ ಹಸಿರು, ಸದ್ದೂ ಇಲ್ಲ, ಆದರೆ ಬಳ್ಳಿಯಲ್ಲಿ ಹಣ್ಣೂ ಇರುವುದಿಲ್ಲ. ನನ್ನನ್ನು ಕೇಳಿದರೆ ಕೊಯ್ಲಿಗೇ ಹೋಗಿ.

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಮನ್ಮಾಡ್‌ನಲ್ಲಿ ಇಳಿಯಬಹುದು. ಅಲ್ಲಿಂದ ನಾಸಿಕ್‌ಗೆ ರಸ್ತೆಯಲ್ಲಿ ಎರಡು ಗಂಟೆ. ವಾಪಸ್ ಹೋಗುವ ಟ್ಯಾಕ್ಸಿಯನ್ನು ಬಂದ ದಿನವೇ ಹೇಳಿಡಿ. ಊರಾಚೆ ರಾತ್ರಿ ಹೊತ್ತು ಗಾಡಿ ಸಿಗುವುದು ಕಷ್ಟ. ಕುಡಿದು ಗಾಡಿ ಓಡಿಸುವ ಮಾತಂತೂ ಬೇಡವೇ ಬೇಡ. ರಾತ್ರಿ ಅಲ್ಲೇ ಉಳಿಯುವುದಕ್ಕೆ ಅದೂ ಒಂದು ಕಾರಣ ಅಲ್ವಾ?

ಅತ್ತಿಗೆ ವೈನ್ ಮುಟ್ಟುವುದಿಲ್ಲ. ಆದರೂ ಮೂವರಲ್ಲಿ ಜಾಸ್ತಿ ಖುಷಿಪಟ್ಟವರು ಅವರೇ. ಅವರ ತವರು ವಿಜಯಪುರದ ತಿಕೋಟಾ ಕಡೆ, ಮನೆಯಲ್ಲಿ ಒಣದ್ರಾಕ್ಷಿ ಮಾಡುವವರು. ತೋಟಕ್ಕೆ ಕಾಲಿಟ್ಟವರೇ, "ಇದೇನ್ರೀ, ಚಪ್ಪರಾನ ಇಲ್ಲ! ಗಿಡ ಬೇಲಿ ಹಂಗ ನಿಂತಾವ" ಅಂದರು. ನಿಜ, ನಮ್ಮಲ್ಲಿ ಗೊಂಚಲು ತಲೆ ಮೇಲೆ ತೂಗುತ್ತವೆ. ಇಲ್ಲಿ ಬಳ್ಳಿಯನ್ನು ತಂತಿಗೆ ನೆಟ್ಟಗೆ ಕಟ್ಟಿದ್ದಾರೆ, ಗೊಂಚಲು ಸೊಂಟದ ಕೆಳಗೇ ಸಿಗುತ್ತದೆ. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ತಿನ್ನುವ ದ್ರಾಕ್ಷಿಗಿಂತ ಸಿಹಿ ಜಾಸ್ತಿ. ಆ ಸಕ್ಕರೆಯೇ ಆಮೇಲೆ ಆಲ್ಕೋಹಾಲ್ ಆಗುವುದು.

ಬೆಳಗಿನ ಜಾವ ಕೆಳಗಿಳಿದ ಅತ್ತಿಗೆಗೆ ಕೆಲಸದವರು ಆಗಷ್ಟೇ ಹಿಂಡಿದ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ದ್ರಾಕ್ಷಿಯ ರಸ ಕೊಟ್ಟಿದ್ದರು. ಹುಳಿತಿಲ್ಲ, ಅಮಲಿಲ್ಲ, ಬರೀ ಜೇನಿನಂಥ ಸಿಹಿ. ಬಿಳಿ ವೈನಿಗೆ ಹೀಗೆ ರಸ ಹಿಂಡಿ ಸಿಪ್ಪೆ ಬೇರೆ ಮಾಡಿ, ತಣ್ಣಗಿನ ಸ್ಟೀಲ್ ಟ್ಯಾಂಕಿನಲ್ಲಿ ಹುಳಿಯಿಡುತ್ತಾರೆ. ಕೆಂಪು ವೈನಿಗೆ ಸಿಪ್ಪೆಯ ಸಮೇತ. ಬಣ್ಣ ಬರುವುದೇ ಸಿಪ್ಪೆಯಿಂದ. ಹುಳಿಯುತ್ತಿರುವ ಟ್ಯಾಂಕಿನ ಬಾಯಿಗೆ ಮುಖ ಇಡಬೇಡಿ. ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಅಣ್ಣ ಬಗ್ಗಲು ಹೋಗಿ ಬೈಸಿಕೊಂಡ.

ರುಚಿ ನೋಡಲು ಬಿಳಿಯಿಂದ ಶುರುಮಾಡಿ ಕೆಂಪಿಗೆ ಹೋಗುತ್ತಾರೆ. ಎಲ್ಲವನ್ನೂ ನುಂಗಬೇಕಿಲ್ಲ. ಉಗುಳಲು ಪಾತ್ರೆ ಇಟ್ಟಿರುತ್ತಾರೆ, ನಾಚಿಕೆ ಬೇಡ. ನಾನು ನಾಚಿಕೊಂಡೆ. ಮರುದಿನ ಮಧ್ಯಾಹ್ನದವರೆಗೂ ತಲೆನೋವು.

ಅಡುಗೆಮನೆ ಬೇಗ ಮುಚ್ಚುತ್ತದೆ, ಊಟವನ್ನು ಸಂಜೆಯೇ ಹೇಳಿಡಿ. ಹಗಲು ಬಿಸಿಲು ಚುರುಕು, ರಾತ್ರಿ ಮಾತ್ರ ಹಲ್ಲು ಕಟಕಟ ಅನ್ನುವ ಚಳಿ. ಜನವರಿ 26ಕ್ಕೆ ಹೋಗಬೇಡಿ, ಅಂದು ಮದ್ಯ ಸಿಗದ ದಿನ. ಸುಲಾದಂಥ ದೊಡ್ಡ ವೈನರಿ ನೋಡುವುದಿದ್ದರೆ ಶನಿವಾರ, ಭಾನುವಾರ ಬಿಟ್ಟು ಹೋಗಿ. ಬೆಳಿಗ್ಗೆ ನಾಸಿಕ್ ಪೇಟೆಯಲ್ಲಿ ಮಿಸಳ್ ತಿನ್ನಿ, ಖಾರ ಕೇಳಿಕೊಂಡು ಹಾಕಿಸಿಕೊಳ್ಳಿ. ತ್ರ್ಯಂಬಕೇಶ್ವರ ಅಲ್ಲಿಂದ ಸುಮಾರು 30 ಕಿ.ಮೀ. ನಾವು ಮೊದಲು ದೇವಸ್ಥಾನ, ಆಮೇಲೆ ವೈನರಿ ಅಂತ ಇಟ್ಟುಕೊಂಡಿದ್ದೆವು. ಮನೆಯಲ್ಲಿ ಅಮ್ಮನಿಗೆ ಹೇಳಿದ್ದು ದೇವಸ್ಥಾನದ ಭಾಗವನ್ನು ಮಾತ್ರ.

ಇನ್ನೊಂದು, ಹಳೇ ಚಪ್ಪಲಿ ಹಾಕಿಕೊಂಡು ಹೋಗಿ. ಹಣ್ಣು ಜಜ್ಜುವ ಕ್ರಷರ್ ಸುತ್ತ ನೆಲವೆಲ್ಲ ರಸ, ಸಿಪ್ಪೆ. ನನ್ನ ಬಿಳಿ ಶೂಗೆ ಹತ್ತಿದ ಶಿರಾಜ್ ಅನ್ನುವ ಕೆಂಪು ವೈನ್ ದ್ರಾಕ್ಷಿಯ ಕಲೆ ಎರಡು ಸಲ ಒಗೆದರೂ ಹೋಗಿಲ್ಲ. ಅಮ್ಮ ಅದೇನು ಅಂತ ಕೇಳಿದಾಗ ಅತ್ತಿಗೆ, "ಅಲ್ಲೇ ದೇವಸ್ಥಾನದ ಕುಂಕುಮ ಇರಬೇಕು ಬಿಡ್ರಿ" ಅಂದುಬಿಟ್ಟರು.