ಮಾರ್ಕೊ ಪೋಲೋ ಮತ್ತು ತೊಗಟೆಯ ಹಣ

ಮಾರ್ಕೊ ಪೋಲೋನ ಪ್ರವಾಸ ಕಥನವನ್ನು ಮೊದಲ ಸಲ ಓದಿದಾಗ ನನಗೆ ನಿರಾಸೆಯಾಗಿತ್ತು. ಮರುಭೂಮಿ, ಹಿಮಪರ್ವತ, ಚಕ್ರವರ್ತಿಯ ಆಸ್ಥಾನ ಎಂದೆಲ್ಲ ನಿರೀಕ್ಷಿಸಿ ಕುಳಿತವನಿಗೆ ಸಿಕ್ಕಿದ್ದು, ಈ ಊರಿನವರು ಯಾವ ಮತದವರು, ಯಾರ ಆಳ್ವಿಕೆಗೆ ಸೇರಿದವರು, ಏನು ಬೆಳೆಯುತ್ತಾರೆ, ಯಾವ ಬಟ್ಟೆ ನೇಯುತ್ತಾರೆ ಎಂಬ, ಊರಿಂದೂರಿಗೆ ಹೆಚ್ಚೇನೂ ಬದಲಾಗದ ವಿವರಗಳ ಸಾಲು. ಇತ್ತೀಚೆಗೆ ಮತ್ತೆ ಓದಿದಾಗ ಆ ಒಣ ಸಾಲುಗಳೇ ನನಗೆ ಹೆಚ್ಚು ಇಷ್ಟವಾದವು. ಪೇಟೆಗೆ ಹೋದ ವ್ಯಾಪಾರಿ ಏನನ್ನು ನೋಡುತ್ತಾನೋ ಅದನ್ನೇ ಮಾರ್ಕೊ ನೋಡಿದ್ದಾನೆ.

1271ರಲ್ಲಿ ವೆನಿಸ್‌ನಿಂದ ಹೊರಟಾಗ ಅವನಿಗೆ 17 ವರ್ಷ. ತಂದೆ ನಿಕೊಲೊ ಮತ್ತು ಚಿಕ್ಕಪ್ಪ ಮಫಿಯೊ ಅದಕ್ಕೂ ಮೊದಲೇ ಒಮ್ಮೆ ಚೀನಾದ ಮಂಗೋಲ್ ಚಕ್ರವರ್ತಿ ಕುಬ್ಲಾಯ್ ಖಾನನನ್ನು ಕಂಡು ಬಂದಿದ್ದರು. ಖಾನ ಪೋಪರಿಂದ 100 ಮಂದಿ ವಿದ್ವಾಂಸರನ್ನೂ ಜೆರುಸಲೇಮಿನಲ್ಲಿರುವ ಯೇಸುವಿನ ಪವಿತ್ರ ಸಮಾಧಿಯ ದೀಪದ ಎಣ್ಣೆಯನ್ನೂ ಕೇಳಿದ್ದ. ನೂರರ ಬದಲು ಬಂದವರು ಇಬ್ಬರು ಪಾದ್ರಿಗಳು, ಅವರೂ ದಾರಿಯಲ್ಲಿ ಯುದ್ಧದ ಸುದ್ದಿ ಕೇಳಿ ಹಿಂತಿರುಗಿದರು. ಎಣ್ಣೆ ಮಾತ್ರ ತಲುಪಿತು. ಪರ್ಷಿಯಾ ಕೊಲ್ಲಿಯ ಬಂದರು ಹೋರ್ಮುಜ್‌ವರೆಗೆ ಬಂದ ಮೂವರೂ ಅಲ್ಲಿಂದ ಸಮುದ್ರ ಮಾರ್ಗ ಹಿಡಿಯದೆ ಒಳನಾಡಿಗೆ ತಿರುಗಿ, ಬದಖ್‌ಶಾನ್, ಪಾಮೀರ್, ಕಾಶ್‌ಗರ್, ಖೋತಾನ್‌ಗಳನ್ನು ದಾಟಿ, ಲೋಪ್ ಮರುಭೂಮಿಯನ್ನು ಹಾದು, 1275ರ ಸುಮಾರಿಗೆ ಖಾನನ ಬೇಸಿಗೆ ರಾಜಧಾನಿ ಶಾಂಗ್ದುವನ್ನು ಸೇರಿದರು.

ಅಲ್ಲಿ ಮಾರ್ಕೊನನ್ನು ಬೆರಗುಗೊಳಿಸಿದ್ದು ಕಾಗದದ ಹಣ. ಹಿಪ್ಪುನೇರಳೆ ಮರದ ಒಳತೊಗಟೆಯನ್ನು ಜಜ್ಜಿ ಹಾಳೆ ಮಾಡಿ, ಬೆಲೆಗೆ ತಕ್ಕ ಅಳತೆಗೆ ಕತ್ತರಿಸಿ, ಅದರ ಮೇಲೆ ಖಾನನ ಕೆಂಪು ಮುದ್ರೆ ಒತ್ತುತ್ತಿದ್ದರು. ಬೇಡವೆಂದವನಿಗೆ ಮರಣದಂಡನೆ. ಹೊರಗಿನಿಂದ ಮುತ್ತು, ರತ್ನ, ಚಿನ್ನ ತಂದ ವ್ಯಾಪಾರಿಗಳು ಅವನ್ನು ಖಾನನಿಗೆ ಕೊಟ್ಟು ಈ ಹಾಳೆಗಳನ್ನು ಪಡೆಯಬೇಕಿತ್ತು. ಹಳತಾಗಿ ಹರಿದ ಹಾಳೆಯನ್ನು ಟಂಕಸಾಲೆಗೆ ಒಯ್ದರೆ ನೂರಕ್ಕೆ 3ರಷ್ಟು ಮುರಿದುಕೊಂಡು ಹೊಸದನ್ನು ಕೊಡುತ್ತಿದ್ದರು. ಆ 3ರ ಲೆಕ್ಕವನ್ನು ನೆನಪಿಟ್ಟುಕೊಂಡು ಬರೆಸಿದವನು ವ್ಯಾಪಾರಿಯೇ ಸರಿ! ಖಾನನಿಗೆ ರಸವಿದ್ಯೆ ಕೈವಶವಾಗಿದೆ ಎಂದು ಅವನು ಹೊಗಳುತ್ತಾನೆ. ಆದರೆ ಮಾರ್ಕೊ ಚೀನಾದಲ್ಲಿದ್ದಾಗಲೇ, 1287ರಲ್ಲಿ, ಹಳೆಯ ನೋಟಿನ ಬೆಲೆ ಕುಸಿದು, 5 ಹಳೆಯದಕ್ಕೆ 1 ಎಂಬ ದರದಲ್ಲಿ ಹೊಸ ನೋಟು ಹೊರಡಿಸಬೇಕಾಯಿತು. ಕಥನದಲ್ಲಿ ಈ ಪೆಟ್ಟಿನ ಸುಳಿವಿಲ್ಲ. ಒಡೆಯನ ಮೇಲಿನ ಅಭಿಮಾನ ಇಲ್ಲಿ ವ್ಯಾಪಾರಿಯ ಕಣ್ಣಿಗೆ ಅಡ್ಡ ಬಂದಿರಬೇಕೆಂದು ನನ್ನ ಊಹೆ.

ಮಹಾಗೋಡೆಯ ಬಗ್ಗೆ, ಚಹಾದ ಬಗ್ಗೆ ಬರೆಯದವನು ನಿಜಕ್ಕೂ ಚೀನಾಕ್ಕೆ ಹೋಗಿದ್ದನೇ ಎಂದು ಸಂಶಯಪಟ್ಟವರಿದ್ದಾರೆ. ಇಂದು ನಾವು ಚಿತ್ರಗಳಲ್ಲಿ ನೋಡುವ ಗೋಡೆಯ ಬಹುಭಾಗ ಅವನ ನಂತರ ಬಂದ ಮಿಂಗ್ ಅರಸರದು ಎಂಬುದು ಒಂದು ಉತ್ತರ. ಅದಕ್ಕಿಂತ ಗಟ್ಟಿಯಾದದ್ದು ಬೇರೆ ಇದೆ. ಪರ್ಷಿಯಾದ ಮಂಗೋಲ್ ಅರಸ ಅರ್ಘೂನ್ ಖಾನನಿಗೆ ವಧುವಾಗಿ ಹೊರಟ, ಪೋಲೋಗಳೂ ಊರಿಗೆ ಮರಳುವಾಗ ಜೊತೆಗೂಡಿದ ಕೊಕೆಚಿನ್ ರಾಜಕುಮಾರಿಯ ಜೊತೆಗಿದ್ದ ಮೂವರು ದೂತರನ್ನು ಮಾರ್ಕೊ ಉಲತಾಯ್, ಅಪುಸ್ಕಾ, ಕೋಜಾ ಎಂದು ಹೆಸರಿಸಿದ್ದಾನೆ. 20ನೇ ಶತಮಾನದಲ್ಲಿ ಚೀನೀ ವಿದ್ವಾಂಸ ಯಾಂಗ್ ಝಿಜಿಯು ಪತ್ತೆಹಚ್ಚಿದ, ಆ ದೂತರ ಪರಿವಾರದ ಪಡಿತರಕ್ಕೆ ಸಂಬಂಧಿಸಿದ 1290ರ ಆಡಳಿತ ದಾಖಲೆಯೊಂದರಲ್ಲಿ ಅದೇ ಮೂರು ಹೆಸರುಗಳಿವೆ. ಅದರಲ್ಲಿ ಮಾರ್ಕೊನ ಹೆಸರಿಲ್ಲ. ಆದರೂ ಇಷ್ಟು ಚಿಕ್ಕ ವಿಷಯವನ್ನು ದೂರ ಕುಳಿತವನು ಕಲ್ಪಿಸಲಾರ.

ಹಾಗೆಂದು ಎಲ್ಲವನ್ನೂ ನಂಬುವಂತಿಲ್ಲ. ಖಾನನ ಸೇನೆ ಮುತ್ತಿದ್ದ ಶಿಯಾಂಗ್ಯಾಂಗ್ ಕೋಟೆಯನ್ನು ಕೆಡವಿದ ಕಲ್ಲೆಸೆಯುವ ಯಂತ್ರಗಳು ತಮ್ಮ ಮನೆಯವರ ಸಲಹೆಯಿಂದ ಆದವೆಂದು ಅವನು ಹೇಳಿಕೊಳ್ಳುತ್ತಾನೆ. ಆ ಕೋಟೆ 1273ರಲ್ಲೇ, ಅವರು ತಲುಪುವ ಮೊದಲೇ, ಶರಣಾಗಿತ್ತು. ಜಂಬ ಅವನದೋ, ಜಿನೋವಾದ ಸೆರೆಮನೆಯಲ್ಲಿ ಜೊತೆಗಿದ್ದು 1298ರಲ್ಲಿ ಅವನ ಮಾತುಗಳನ್ನು ಬರೆದುಕೊಂಡ ಪೀಸಾದ ರುಸ್ತಿಕೆಲ್ಲೋನದೋ ಹೇಳಲಾಗದು. ರುಸ್ತಿಕೆಲ್ಲೋ ಅದಕ್ಕೆ ಮೊದಲು ವೀರರ ಕಥೆ ಬರೆಯುತ್ತಿದ್ದವನು.

ರಾಜಕುಮಾರಿ ಪರ್ಷಿಯಾ ತಲುಪುವಷ್ಟರಲ್ಲಿ ಅರ್ಘೂನ್ ಸತ್ತಿದ್ದ. ಅವಳನ್ನು ಅವನ ಮಗ ಗಜಾನ್ ಮದುವೆಯಾದ. 1295ರಲ್ಲಿ ಪೋಲೋಗಳು ವೆನಿಸ್‌ಗೆ ಮರಳಿದರು. ಖಾನನ ಆಳ್ವಿಕೆಯಲ್ಲಿ ಏನನ್ನಾದರೂ ಕೊಳ್ಳಬಲ್ಲ ಆ ತೊಗಟೆ ಹಾಳೆಗೆ ವೆನಿಸ್‌ನ ಪೇಟೆಯಲ್ಲಿ ಕಾಸಿನ ಬೆಲೆಯೂ ಇರಲಿಲ್ಲ. 1310ರಲ್ಲಿ ಮಫಿಯೊ ಬರೆಸಿದ ಉಯಿಲಿನಲ್ಲಿ, ಮಹಾಖಾನನಿಂದ ಬಂದ 3 ಚಿನ್ನದ ಫಲಕಗಳ ಉಲ್ಲೇಖವಿದೆ.